ನೀವೇ ನೋಡಿ ಕೊಡಿ

ನಮ್ಮ ಮನೆಯ ಹಜಾರದಲ್ಲಿ ಒಂದು ಗಾಜಿನ ಬೀರು ಇದೆ. ಮೊದಲು ಅದರಲ್ಲಿ ಮಕ್ಕಳು ಶಾಲೆಯಲ್ಲಿ ಗೆದ್ದ ಕಪ್ಪುಗಳೂ ಗೃಹಪ್ರವೇಶಕ್ಕೆ ಬಂದ ಗಾಜಿನ ಲೋಟಗಳೂ ಇದ್ದವು. ಈಗ ಪೆಟ್ಟಿಗೆಗಳಿವೆ. ಬೀಥೋವನ್ನನ ಒಂಬತ್ತು ಸಿಂಫನಿಗಳದ್ದು ಒಂದು, ಬಾಖ್‌ನ ಕ್ಯಾಂಟಾಟಾಗಳದ್ದು ಒಂದು, ಮಲ್ಲಿಕಾರ್ಜುನ ಮನ್ಸೂರರದ್ದು, ಸೆಮ್ಮಂಗುಡಿಯವರದ್ದು, ವೀಣೆ ದೊರೆಸ್ವಾಮಿ ಅಯ್ಯಂಗಾರರದ್ದು. ಸಿಡಿಗಳು ಕೆಲವು, ಕ್ಯಾಸೆಟ್ಟುಗಳು ಕೆಲವು. ಯಾವುದನ್ನೂ ನಾನು ಪೂರ್ತಿ ಬೆಲೆ ಕೊಟ್ಟು ಕೊಂಡಿಲ್ಲ. ಬೆಂಗಳೂರಿನ ಕ್ಯಾಸೆಟ್ ಸಿಡಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷಗಳಲ್ಲಿ ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಹೋಗಿ, ಸಂಜೆ ಎರಡು ಕೈಯಲ್ಲೂ ಚೀಲ ಹಿಡಿದು ಬರುತ್ತಿದ್ದೆ. ಬರುವ ದಾರಿಯಲ್ಲಿ ಮನಸ್ಸಿನಲ್ಲಿ ನಡೆಯುತ್ತಿದ್ದುದು ರಾಗವಲ್ಲ, ಲೆಕ್ಕ. ಹತ್ತು ಸಿಡಿಗೆ ಐನೂರು, ಅಂದರೆ ಒಂದಕ್ಕೆ ಐವತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿಯುವ ದುಡ್ಡಿಗೆ ಒಂದು ಗಂಟೆಯ ಬೀಥೋವನ್! ಈ ಭಾಗಾಕಾರ ಕೊಡುತ್ತಿದ್ದ ಸುಖವನ್ನು ಎಷ್ಟೋ ಸಲ ಆ ಸಂಗೀತವೂ ಕೊಟ್ಟಿಲ್ಲ ಎಂದು ಈಗ ಒಪ್ಪಿಕೊಳ್ಳಬೇಕು.

ಅಗ್ಗಕ್ಕೆ ಸಿಕ್ಕಿದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿದೆ? ಮೂರು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ. ಈಗ ಆ ಪ್ರಶ್ನೆ ಅಷ್ಟು ಸಲೀಸಾಗಿ ಮುಗಿಯುತ್ತಿಲ್ಲ.

ಮೊದಲು, ಒಂದು ಪೆಟ್ಟಿಗೆ ಅಗ್ಗವಾಗುವುದು ಹೇಗೆ ಎಂದು ನೋಡೋಣ. ಹಳೆಯ ರೆಕಾರ್ಡಿಂಗ್ ಆದರೆ ಅದರ ಖರ್ಚು ಎಂದೋ ಹುಟ್ಟಿರುತ್ತದೆ. ಕಂಪನಿ ಅದನ್ನೇ ಮತ್ತೆ ಹೊಸ ರಟ್ಟಿನ ಡಬ್ಬಿಯಲ್ಲಿಟ್ಟು ಕಡಿಮೆಗೆ ಮಾರಬಹುದು. ಇಲ್ಲವೇ ಹೆಸರಿಲ್ಲದ ಕಲಾವಿದರಿಂದ ಹೊಸದಾಗಿ ನುಡಿಸಬಹುದು. 1987ರಲ್ಲಿ ಹಾಂಗ್‌ಕಾಂಗಿನಲ್ಲಿ ಕ್ಲಾಸ್ ಹೈಮನ್ ಎಂಬ ಜರ್ಮನ್ ವ್ಯಾಪಾರಿ ನ್ಯಾಕ್ಸೋಸ್ ಶುರುಮಾಡಿದಾಗ ಹಿಡಿದದ್ದು ಈ ದಾರಿ. ಪೂರ್ವ ಯುರೋಪಿನ, ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ವಾದ್ಯವೃಂದಗಳಿಂದ ನುಡಿಸಿ ದೊಡ್ಡ ಕಂಪನಿಗಳ ಬೆಲೆಯನ್ನು ಮುರಿದ. ನೆದರ್‌ಲ್ಯಾಂಡ್ಸಿನ ಬ್ರಿಲಿಯಂಟ್ ಕ್ಲಾಸಿಕ್ಸ್ ಇನ್ನೂ ಮುಂದೆ ಹೋಯಿತು. ಬಾಖ್ ತೀರಿಕೊಂಡು 250 ವರ್ಷವಾದ 2000ನೇ ಇಸವಿಯ ಹೊತ್ತಿಗೆ ಅವನ ಕೃತಿಗಳನ್ನೆಲ್ಲ ಒಟ್ಟುಮಾಡುವ ಯೋಜನೆಗಾಗಿ, ಪೀಟರ್ ಯಾನ್ ಲ್ಯೂಸಿಂಕ್ ಎಂಬ ಗಾಯನ ನಿರ್ದೇಶಕನ ಕೈಲಿ ಸುಮಾರು 200 ಕ್ಯಾಂಟಾಟಾಗಳನ್ನು ಒಂದೂವರೆ ವರ್ಷದೊಳಗೆ ಹಾಡಿಸಿ ಮುಗಿಸಿತು. ಆ ಪೆಟ್ಟಿಗೆಗಳು ಮಾರಾಟವಾದದ್ದು ಸಂಗೀತದ ಅಂಗಡಿಯಲ್ಲಲ್ಲ, ಸೋಪು ಶಾಂಪೂ ಮಾರುವ ಅಂಗಡಿಗಳ ಸಾಲಿನಲ್ಲಿ. ಅದೇ ಕಂಪನಿ 2005ರಲ್ಲಿ ಮೊಜಾರ್ಟ್‌ನನ್ನು ಪೂರ್ತಿಯಾಗಿ 170 ಸಿಡಿಗಳಲ್ಲಿ ತುಂಬಿ ಮಾರಿತು.

ಇದರಲ್ಲಿ ನನಗೆ ಬೇಸರವೇನೂ ಇಲ್ಲ. ಸಂಗೀತ ದುಬಾರಿಯಾಗಿದ್ದರೇನೇ ಅದಕ್ಕೆ ಬೆಲೆ ಎನ್ನುವವರು ಒಮ್ಮೆ ಸಿದ್ಧಗಂಗೆಗೆ ಬಂದು ಪಂಕ್ತಿಯಲ್ಲಿ ಕೂರಬೇಕು. ದಿನವೂ ಸಾವಿರಾರು ಮಕ್ಕಳು ಅಲ್ಲಿ ದಾಸೋಹದ ಅನ್ನ ಉಂಡು ಓದುತ್ತಾರೆ. ಪುಕ್ಕಟೆ ಸಿಕ್ಕಿತೆಂದು ಆ ಅನ್ನದ ಘನತೆ ಕುಗ್ಗಿಲ್ಲ. ಆದರೆ ಪಂಕ್ತಿಗೊಂದು ಕಟ್ಟಳೆಯಿದೆ. ಬೇಕಾದಷ್ಟು ಹಾಕಿಸಿಕೋ, ಹಾಕಿಸಿಕೊಂಡದ್ದನ್ನು ಎಲೆಯಲ್ಲಿ ಬಿಡಬೇಡ. ಈ ಕಟ್ಟಳೆಗೆ ಆಮೇಲೆ ಬರುತ್ತೇನೆ.

ಪೆಟ್ಟಿಗೆ ಅಗ್ಗವಾಗುವುದಕ್ಕೆ ಇನ್ನೊಂದು ಕಾರಣವಿದೆ. ಯಾರೋ ಸೋತಿರುತ್ತಾರೆ, ಯಾರೋ ಸತ್ತಿರುತ್ತಾರೆ.

ಮೂರು ವರ್ಷದ ಹಿಂದೆ ಒಂದು ಕಾರ್ತಿಕದ ಭಾನುವಾರ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, ಗುಬ್ಬಿಯಲ್ಲಿ ಸಂಗೀತದ ಮೇಷ್ಟ್ರೊಬ್ಬರು ತೀರಿಕೊಂಡಿದ್ದಾರೆ, ಅವರ ಕ್ಯಾಸೆಟ್ಟುಗಳನ್ನು ಮನೆಯವರು ಗುಜರಿಗೆ ಹಾಕುವವರಿದ್ದಾರೆ ಎಂದ. ಎಟಿಎಮ್ಮಿನಿಂದ ಮೂರು ಸಾವಿರ ತೆಗೆದು ಜೇಬಿನಲ್ಲಿಟ್ಟುಕೊಂಡೇ ಹೊರಟೆ. ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರು, ಅರ್ಧ ಗಂಟೆಯ ದಾರಿ. ಚನ್ನಬಸವೇಶ್ವರ ಸ್ವಾಮಿಯ ಗುಡಿಯ ಹತ್ತಿರದ ಓಣಿಯಲ್ಲಿ ಹೆಂಚಿನ ಮನೆ. ಮೇಷ್ಟ್ರ ಸೊಸೆ ಒಬ್ಬರೇ ಇದ್ದರು. ಹಿಂದಿನ ಭಾಗವನ್ನು ಬಾಡಿಗೆಗೆ ಕೊಡಬೇಕು, ಅದಕ್ಕೇ ಅಟ್ಟ ಖಾಲಿ ಮಾಡಿಸುತ್ತಿದ್ದೇವೆ ಎಂದರು. ಎರಡು ರಟ್ಟಿನ ಪೆಟ್ಟಿಗೆ ಇಳಿಸಿಟ್ಟಿದ್ದರು. ಒಳಗೆ ಒಟ್ಟು 64 ಕ್ಯಾಸೆಟ್ಟು. ಬಿಡಿಯಾಗಿರುವಂಥವು ಕೆಲವೇ, ಉಳಿದವೆಲ್ಲ ನಾಲ್ಕು ಆರರ ಸೆಟ್ಟುಗಳು, ಹೊರಗಿನ ಡಬ್ಬಿಯ ಸಮೇತ. ಸೆಮ್ಮಂಗುಡಿ, ಎಂ.ಡಿ. ರಾಮನಾಥನ್, ಚೌಡಯ್ಯನವರ ಏಳು ತಂತಿಯ ಪಿಟೀಲು, ಗಂಗೂಬಾಯಿ ಹಾನಗಲ್. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮುಖದಲ್ಲಿ ಮಾತ್ರ ಏನೂ ಕಾಣದ ಹಾಗೆ ನೋಡಿಕೊಂಡೆ.

“ಎಷ್ಟು ಕೊಡಲಮ್ಮ?” ಎಂದೆ.

“ನಮಗೇನ್ ಗೊತ್ತಾಗತ್ತೆ ಸಾರ್. ಗುಜರಿಯೋನು ಕೆಜಿಗೆ ಹತ್ತು ರೂಪಾಯಿ ಅಂದ. ನಿಮಗೆ ತಿಳೀತದೆ, ನೀವೇ ನೋಡಿ ಕೊಡಿ.”

ನಾನು ಐನೂರು ಕೊಟ್ಟೆ.

ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಕಾಫಿ ಕೊಟ್ಟರು. ಪೆಟ್ಟಿಗೆಗಳನ್ನು ಗಾಡಿಯವರೆಗೆ ಹೊತ್ತು ತರಲು ಪಕ್ಕದ ಮನೆಯ ಹುಡುಗನನ್ನು ಕರೆದರು. ಮೂರು ಸಾವಿರ ಕೊಡಲು ಸಿದ್ಧನಾಗಿ ಹೋದವನು ನಾನು. ಐದು ಸಾವಿರ ಕೇಳಿದ್ದರೆ ಚೌಕಾಸಿ ಮಾಡಿ ನಾಲ್ಕಕ್ಕೆ ಒಪ್ಪುತ್ತಿದ್ದೆ. ನನ್ನ ಮೇಲೆ ನಂಬಿಕೆಯಿಟ್ಟು ಬೆಲೆಯನ್ನು ನನಗೇ ಬಿಟ್ಟದ್ದಕ್ಕೆ ಅವರು ಕಳೆದುಕೊಂಡದ್ದು ಎರಡೂವರೆ ಸಾವಿರ. ಆ ದಿನ ಈ ಲೆಕ್ಕ ನನ್ನ ತಲೆಗೆ ಬರಲಿಲ್ಲ. ಹಳೆಯ ಭಾಗಾಕಾರವೇ ನಡೆಯುತ್ತಿತ್ತು. ಒಂದಕ್ಕೆ ಎಂಟು ರೂಪಾಯಿಗೂ ಕಡಿಮೆ!

ಕುಣಿಗಲ್ಲಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಬ್ಯಾಂಕಿನಿಂದ ನಿವೃತ್ತನಾದವನು, ನನ್ನ ಹಾಗೇ ಪೆಟ್ಟಿಗೆಯ ಹುಚ್ಚಿನವನು. ಮೊಜಾರ್ಟ್‌ನ 170 ಸಿಡಿ ಇರುವುದು ಅವನ ಮನೆಯಲ್ಲೇ. ತಿಂಗಳಿಗೊಮ್ಮೆ ನಾನು ಅಲ್ಲಿಗೆ ಹೋದಾಗ ದೊಡ್ಡ ಕೆರೆಯ ಏರಿಯ ಮೇಲೆ ಸಂಜೆ ಒಂದು ಸುತ್ತು ಹಾಕುತ್ತೇವೆ. ಗುಬ್ಬಿಯ ಕಥೆಯನ್ನು ಜಂಬದಿಂದಲೇ ಅವನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ, ಮೂರು ಸಾವಿರ ಜೇಬಿನಲ್ಲಿತ್ತು ಎಂಬ ಮಾತಿಗೆ ಬಂದಾಗ ಧ್ವನಿ ತಗ್ಗಿದ್ದು ನನಗೇ ಗೊತ್ತಾಯಿತು.

“ಅದರಲ್ಲೇನಿದೆಯಯ್ಯ?” ಎಂದ ಅವನು. “ಗುಜರಿಯವನು ಐವತ್ತು ಕೊಡ್ತಿದ್ದ. ನೀನು ಹತ್ತರಷ್ಟು ಕೊಟ್ಟೆ. ಆ ಕ್ಯಾಸೆಟ್ಟು ಉಳಕೊಂಡ್ವು. ಕದ್ದಿಲ್ಲ, ಸುಳ್ಳು ಹೇಳಿಲ್ಲ. ನಿನಗೆ ಅದರ ಬೆಲೆ ಗೊತ್ತಾಗಬೇಕಾದರೆ ನಲವತ್ತು ವರ್ಷ ಕಿವಿ ಸವೆಸಿದ್ದೀಯ. ಆ ತಿಳಿವಳಿಕೆಗೆ ಬೆಲೆ ಇಲ್ಲವೇನು?”

ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕಾನೂನಿನ ಪ್ರಕಾರ ಅವನು ಹೇಳಿದ್ದೆಲ್ಲ ಸರಿ. ಹಳೆಯ ಸಾಮಾನಿನ ವ್ಯಾಪಾರವೆಲ್ಲ ನಿಂತಿರುವುದೇ ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿಲ್ಲ ಎಂಬ ಅಂತರದ ಮೇಲೆ. ಹಾಗಿದ್ದರೂ ಒಂದು ಕಡೆ ಈ ವಾದ ಕಾಲು ಜಾರುತ್ತದೆ. ಆಕೆ ತನಗೆ ತೋಚಿದ ಒಂದು ಬೆಲೆ ಹೇಳಿ ನಾನು ಅದಕ್ಕೆ ಒಪ್ಪಿದ್ದರೆ ಅದು ವ್ಯಾಪಾರ. “ನೀವೇ ನೋಡಿ ಕೊಡಿ” ಎಂದಾಗ ಆಕೆ ನನ್ನನ್ನು ಗಿರಾಕಿಯ ಜಾಗದಿಂದ ಎಬ್ಬಿಸಿ ಪಂಚಾಯ್ತಿಯ ಜಗುಲಿಯ ಮೇಲೆ ಕೂರಿಸಿದ್ದರು. ನನ್ನ ನಲವತ್ತು ವರ್ಷದ ತಿಳಿವಳಿಕೆ ಯಾರ ಪರವಾಗಿ ಬಳಕೆಯಾಗಬೇಕು ಎಂದು ಆ ಕ್ಷಣದಲ್ಲಿ ತೀರ್ಮಾನವಾಗಿತ್ತು. ನಾನು ಆ ಜಗುಲಿಯ ಮೇಲೆ ಕೂತು ಗಿರಾಕಿಯ ತೀರ್ಪು ಕೊಟ್ಟೆ.

ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಸ್ಕೆವೋಲ ಎಂಬ ನ್ಯಾಯಪಂಡಿತ ಒಂದು ಜಮೀನು ಕೊಳ್ಳಲು ಹೋದ. ಒಂದೇ ಮಾತಿನಲ್ಲಿ ಬೆಲೆ ಹೇಳಿಬಿಡು ಎಂದ. ಮಾರುವವನು ಹೇಳಿದ. ಜಮೀನು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಸ್ಕೆವೋಲ ತಾನಾಗಿಯೇ ಒಂದು ಲಕ್ಷ ಸೆಸ್ಟರ್ಸು ಸೇರಿಸಿ ಕೊಟ್ಟ. ಅವನು ಒಳ್ಳೆಯವನು ಎಂದು ಎಲ್ಲರೂ ಒಪ್ಪುತ್ತಾರೆ, ಆದರೆ ಜಾಣ ಎನ್ನಲು ಹಿಂಜರಿಯುತ್ತಾರೆ ಎಂದು ಸಿಸೆರೊ ಹೇಳುತ್ತಾನೆ. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂದು ಜನ ಎಣಿಸುವುದೇ ಕೇಡಿನ ಮೂಲ ಎಂಬುದು ಅವನ ಅಳಲು. ನನ್ನ ಗೆಳೆಯ ಹೇಳಿದ್ದು ಅದೇ ಜಾಣತನದ ಮಾತು. ಸ್ಕೆವೋಲನಿಗೆ ಮಾರುವವನು ಬೆಲೆಯನ್ನಾದರೂ ಹೇಳಿದ್ದ. ನನಗೆ ಅದನ್ನೂ ಬಿಟ್ಟುಕೊಟ್ಟಿದ್ದರು.

ಗೆಳೆಯ ಸುಮ್ಮನಾಗಲಿಲ್ಲ. ಕೆರೆಯತ್ತ ಕೈ ತೋರಿಸಿ, “ಈ ನೀರಿಗೆ ಯಾರಿಗೆ ದುಡ್ಡು ಕೊಡ್ತೀವಿ? ಈ ಕೆರೆಯ ಮೇಲೆ ಜನ ಕಟ್ಟಿದ ಹಾಡಿಗೆ ಯಾರಿಗೆ ಕೊಡ್ತೀವಿ? ಕೆಲವು ಸುಮ್ಮನೆ ಸಿಗ್ತವೆ, ತಗೋಬೇಕಷ್ಟೆ” ಎಂದ. ಕತ್ತಲಾಗುತ್ತಿತ್ತು, ನೀರು ಏರಿಯ ಕಲ್ಲಿಗೆ ತಾಗುತ್ತಿತ್ತು. ನಿಜ, ನಾವು ಏನೂ ಕೊಟ್ಟಿಲ್ಲ. ಆದರೆ ಏರಿಗೆ ಮಣ್ಣು ಹೊತ್ತವರು ಕೊಟ್ಟಿದ್ದಾರೆ. ನಮಗೆ ಸುಮ್ಮನೆ ಸಿಕ್ಕಿದ್ದರ ಹಿಂದೆಲ್ಲ ಯಾರೋ ಮೊದಲೇ ತೆತ್ತವರಿದ್ದಾರೆ.

ಸಂಗೀತದಲ್ಲಿ ಹಾಗೆ ತೆತ್ತವರ ಕಥೆ ನಮ್ಮ ನಾಡಿನಲ್ಲೇ ಇದೆ. ಜಯಚಾಮರಾಜ ಒಡೆಯರ ಬಳಿ ಸುಮಾರು 20,000 ರೆಕಾರ್ಡುಗಳಿದ್ದವು ಎನ್ನುತ್ತಾರೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ಅದೇ ಅರಸರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚೂ ಇತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಕೈ ಬರಿದಾಗಿ, ಕಾಯಿಲೆ ಬಿದ್ದು ಕೂತಿದ್ದ ಕಾಲದಲ್ಲಿ ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಎಚ್‌ಎಂವಿ ರೆಕಾರ್ಡು ಮಾಡಲು ಮೈಸೂರಿನಿಂದ ಹಣ ಹೋಯಿತು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರೂ ಇವರೇ. ತಾವು ಹೋಗಲಾಗದ ಕಛೇರಿ ತಮ್ಮ ಸಂಗ್ರಹಕ್ಕಾಗಿ ರೆಕಾರ್ಡಾಗಿ ಮೈಸೂರಿಗೆ ಬರಲಿ ಎಂಬುದು ಅವರ ಆಸೆ. ಸ್ಟ್ರೌಸ್ ಅದಾಗಲೇ ತೀರಿಕೊಂಡಿದ್ದ. ಆ ರಾತ್ರಿಯ ಧ್ವನಿ, ಗರಗರ ಸದ್ದಿನ ನಡುವೆಯೂ, ಇಂದು ಯಾರು ಬೇಕಾದರೂ ಕೇಳುವಂತೆ ಉಳಿದಿದೆ.

ಅರಸರ ದುಡ್ಡು ಎಲ್ಲಿಂದ ಬಂತು ಎಂದು ಕೇಳಬಹುದು, ಕೇಳಬೇಕು. ರೈತರ ಕಂದಾಯದಿಂದ ತುಂಬಿದ ಬೊಕ್ಕಸವೇ ಅರಮನೆಯ ಸಿರಿಗೆ ಮೂಲ. ಅರಸರ ಮಾತು ಬೇಡವೆಂದರೆ ಗುಬ್ಬಿಗೇ ಬರೋಣ. ಗುಬ್ಬಿ ವೀರಣ್ಣನವರು ತಮ್ಮ ನಾಟಕ ಕಂಪನಿಗೆ ಬಂದು ಸೇರಿದ್ದ ಬಿ.ವಿ. ಕಾರಂತ ಎಂಬ ಹುಡುಗನನ್ನು ಓದಲೆಂದು ಕಾಶಿಗೆ ಕಳಿಸಿದರು. ಅಲ್ಲಿ ಆತ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತ. ಕಾರಂತರ ರಂಗಸಂಗೀತವನ್ನು ನಾವು ಎಷ್ಟು ಸಲ ಪುಕ್ಕಟೆ ಕೇಳಿಲ್ಲ? ಅದರ ಬೆಲೆಯಲ್ಲಿ ಒಂದು ಭಾಗವನ್ನು ಗುಬ್ಬಿಯವರೊಬ್ಬರು ಕೊಟ್ಟಾಗಿತ್ತು. ಅದೇ ಗುಬ್ಬಿಗೆ ಹೋಗಿ ನಾನು ಐನೂರು ರೂಪಾಯಿ ಎಣಿಸಿ ಬಂದಿದ್ದೆ.

ಇದು ಬೆಲೆಯ ಮಾತಾಯಿತು. ಈಗ ಎಲೆಯಲ್ಲಿ ಬಿಡುವ ಮಾತು.

ಗುಬ್ಬಿಯ ಪೆಟ್ಟಿಗೆಗಳನ್ನು ನಾನು ಬೀರುವಿನಲ್ಲಿ ಜೋಡಿಸಿಟ್ಟೆ. ಟೇಪ್ ರೆಕಾರ್ಡರಿನ ಬೆಲ್ಟು ಹೋಗಿತ್ತು, ರಿಪೇರಿ ಮಾಡಿಸಬೇಕು ಎಂದುಕೊಂಡೆ. ಹಾಗೆಯೇ ಎರಡು ವರ್ಷ ಕಳೆಯಿತು. ಈ ನಡುವೆ ಇನ್ನೂ ಮೂರು ಪೆಟ್ಟಿಗೆ ಕೊಂಡೆ. ಹೋದ ವರ್ಷ ಮಳೆಗಾಲದಲ್ಲಿ ಬೂಸ್ಟು ಹಿಡಿದಿದೆಯೇನೋ ಎಂದು ತೆಗೆದು ನೋಡುವಾಗ ಮೊದಲ ಬಾರಿಗೆ ಒಳಗಿನ ಕಾಗದಗಳನ್ನು ಬಿಡಿಸಿದೆ. ಪ್ರತಿಯೊಂದರ ಒಳಬದಿಯಲ್ಲೂ ಪೆನ್ಸಿಲ್ಲಿನಲ್ಲಿ ಬರೆದ ಸಣ್ಣ ಅಕ್ಷರಗಳು. ಕೇಳಿದ ದಿನ, ರಾಗದ ಹೆಸರು, ಒಂದೊಂದು ಸಾಲಿನ ಟಿಪ್ಪಣಿ. ಒಂದರಲ್ಲಿ ಹನ್ನೊಂದು ತಾರೀಖುಗಳಿದ್ದವು. ಹನ್ನೊಂದು ಸಲ! ಮೇಷ್ಟ್ರು ತಮ್ಮ ಸಂಬಳದಲ್ಲಿ ಒಂದೊಂದೇ ಸೆಟ್ಟು ಕೊಂಡು, ಕೇಳಿ ಮುಗಿಸಿ, ಮತ್ತೆ ಕೇಳಿದ್ದರು. ನನ್ನ ಬೀರುವಿನಲ್ಲಿ ಇನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚದ ಪೆಟ್ಟಿಗೆಗಳು ಏಳು ಇದ್ದವು.

ಶರಣರಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ, ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಚಿಕ್ಕಂದಿನಲ್ಲಿ ಈ ಕಥೆ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಯಾರದೂ ಅಲ್ಲದ ಅಕ್ಕಿ, ಚೆಲ್ಲಿಹೋದದ್ದು, ಪುಕ್ಕಟೆ. ಅದನ್ನು ತಂದರೆ ಯಾರಿಗೆ ನಷ್ಟ? ಈಗ ಅನ್ನಿಸುತ್ತದೆ, ಲಕ್ಕಮ್ಮ ಬೇರೆಯವರ ನಷ್ಟವನ್ನಷ್ಟೇ ನೋಡುತ್ತಿರಲಿಲ್ಲ, ಮಾರಯ್ಯನ ಕೈ ಹೋಗುತ್ತಿರುವ ದಿಕ್ಕನ್ನೂ ನೋಡುತ್ತಿದ್ದಳು. ಇವತ್ತಿನ ಹಸಿವಿಗೆ ಆಯುತ್ತಿದ್ದ ಕೈ ನಾಳೆಯ ಭಯಕ್ಕೆ ಆಯಲು ಶುರುಮಾಡಿತ್ತು. “ಇದನ್ನೆಲ್ಲ ಯಾವಾಗ ಕೇಳ್ತೀರಿ?” ಎಂದು ನನ್ನ ಹೆಂಡತಿ ಕೇಳಿದಾಗಲೆಲ್ಲ “ರಿಟೈರ್ ಆದ ಮೇಲೆ” ಎನ್ನುತ್ತಿದ್ದೆ. ರಿಟೈರಾಗಿ ಆರು ವರ್ಷವಾಯಿತು. ಸಿಡಿಯ ಬೆಲೆ ಇಳಿದಷ್ಟು ಗಂಟೆಯ ಬೆಲೆ ಇಳಿಯುವುದಿಲ್ಲ. ಒಂದು ಗಂಟೆಯ ಸಂಗೀತಕ್ಕೆ ಈಗಲೂ ಆಯುಷ್ಯದ ಒಂದು ಗಂಟೆಯನ್ನೇ ಕೊಡಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಸಂಗ್ರಹವೇ ಪಾಪ ಎಂದು ನಾನು ಹೇಳಲಾರೆ. ಚೆನ್ನೈನ ವಿ.ಎ.ಕೆ. ರಂಗರಾವ್ ಅವರಂಥವರು ಹಳೆಯ ಪ್ಲೇಟುಗಳನ್ನು ಕೂಡಿಡದಿದ್ದರೆ ಎಷ್ಟೋ ಗಂಟಲುಗಳ ದನಿ ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ಅವರು ಕೇಳಿದರು, ಬರೆದರು, ಕೇಳಬಯಸಿದವರಿಗೆ ಕೇಳಿಸಿದರು. ನಾನು ಉಳಿಸಿದೆ ಎಂದು ನನ್ನ ಗೆಳೆಯ ಹೇಳಿದನಲ್ಲ, ಯಾರಿಗಾಗಿ ಉಳಿಸಿದೆ? ಗುಬ್ಬಿಯ ಅಟ್ಟದಿಂದ ತುಮಕೂರಿನ ಬೀರುವಿಗೆ ಬಂದದ್ದರಿಂದ ಆ ಕ್ಯಾಸೆಟ್ಟುಗಳಿಗೆ ಆದ ಲಾಭ ಗಾಜಿನ ಬಾಗಿಲು ಮಾತ್ರ.

ಈ ವರ್ಷ ಯುಗಾದಿ ಮುಗಿದ ಮೇಲೆ ಒಂದು ಕವರಿನಲ್ಲಿ ಎರಡೂವರೆ ಸಾವಿರ ಇಟ್ಟುಕೊಂಡು ಗುಬ್ಬಿಗೆ ಹೋದೆ. ಆಕೆ ಗುರುತು ಹಿಡಿದರು. ಅವತ್ತು ಸರಿಯಾಗಿ ನೋಡಿರಲಿಲ್ಲ, ಕಡಿಮೆ ಕೊಟ್ಟುಬಿಟ್ಟೆ ಎಂದು ಕವರು ಕೊಟ್ಟೆ. ನೋಡಿಯೇ ಕಡಿಮೆ ಕೊಟ್ಟೆ ಎನ್ನುವ ಧೈರ್ಯ ಆಗಲೂ ಬರಲಿಲ್ಲ. ಅವರು ಬೇಡ ಎನ್ನುತ್ತಾರೆ, ನಾನು ಒತ್ತಾಯ ಮಾಡುತ್ತೇನೆ ಎಂದೆಲ್ಲ ದಾರಿಯುದ್ದಕ್ಕೂ ಎಣಿಸಿಕೊಂಡಿದ್ದೆ. ಅವರು ಬೇಡ ಎನ್ನಲಿಲ್ಲ. ಎಣಿಸಿ ನೋಡಿ, “ಆವಾಗ್ಲೇ ಆಗಿದ್ರೆ ಮಗಳ ಫೀಸಿಗೆ ಆಗಿರೋದು ಸಾರ್” ಎಂದರು. ದೂರುವ ದನಿಯಲ್ಲಲ್ಲ, ಸುಮ್ಮನೆ ಇದ್ದ ಸಂಗತಿ ಹೇಳುವಂತೆ. ತಡವಾಗಿ ಕೊಟ್ಟ ದುಡ್ಡು ಅಷ್ಟೇ ದುಡ್ಡಲ್ಲ ಎಂದು ನನಗೆ ಆ ಕ್ಷಣ ತಿಳಿಯಿತು. ಆ ಹುಡುಗಿ ಆ ವರ್ಷದ ಫೀಸಿಗೆ ಏನು ಮಾಡಿದಳೋ ಕೇಳಲು ನಾಲಗೆ ಏಳಲಿಲ್ಲ.

ಹೊರಡುವಾಗ ಅವರೇ ಕೇಳಿದರು: “ಅದ್ರಲ್ಲಿ ನಮ್ಮ ಮಾವನೋರು ಹಾಡಿರೋದು ಒಂದಿರಬೇಕು ಸಾರ್. ಮಕ್ಕಳಿಗೆ ಪಾಠ ಹೇಳ್ವಾಗ ಯಾವ್ದೋ ಕ್ಯಾಸೆಟ್ಟಿನ ಕೊನೇಲಿ ತುಂಬಿಸ್ಕೊಂಡಿದ್ರು. ನೀವು ಕೇಳಿದ್ರಾ? ಸಿಕ್ತಾ?”

“ಇನ್ನೂ ಕೇಳಿಲ್ಲಮ್ಮ” ಎಂದೆ.

“ಮೂರು ವರ್ಷದಿಂದ್ಲೂನಾ?” ಎಂದರು.

ಮಾರನೆಯ ದಿನವೇ ಟೇಪ್ ರೆಕಾರ್ಡರನ್ನು ಎಂ.ಜಿ. ರಸ್ತೆಗೆ ಒಯ್ದು ಬೆಲ್ಟು ಹಾಕಿಸಿದೆ. ಅಂದಿನಿಂದ ದಿನಕ್ಕೊಂದು ಕೇಳುತ್ತಿದ್ದೇನೆ. ಮೇಷ್ಟ್ರ ದನಿ ಯಾವುದರ ಕೊನೆಯಲ್ಲಿ ಇದೆಯೋ ಗೊತ್ತಿಲ್ಲ. ಹಾಗಾಗಿ ಯಾವುದನ್ನೂ ನಡುವೆ ನಿಲ್ಲಿಸುವಂತಿಲ್ಲ, ಓಡಿಸುವಂತಿಲ್ಲ. ಕಛೇರಿ ಮುಗಿದು ಚಪ್ಪಾಳೆ ನಿಂತ ಮೇಲೂ ಟೇಪು ತಾನಾಗಿ ನಿಲ್ಲುವವರೆಗೆ ಕೂತಿರುತ್ತೇನೆ. ಇಷ್ಟು ವರ್ಷ ಸಂಗೀತ ಕೇಳಿಯೂ ಹೀಗೆ ಕೊನೆಯ ತನಕ ಕೂತದ್ದು ಇದೇ ಮೊದಲು. ಕೇಳಿ ಮುಗಿದ ಮೇಲೆ ಅವರ ತಾರೀಖುಗಳ ಕೆಳಗೆ ನನ್ನದೊಂದು ತಾರೀಖು ಬರೆಯುತ್ತೇನೆ. ಅವರ ದನಿ ಸಿಕ್ಕಿದ ದಿನ ಪ್ರತಿ ಮಾಡಿಸಿ ಗುಬ್ಬಿಗೆ ಕೊಟ್ಟು ಬರಬೇಕು. ಅಲ್ಲಿಯವರೆಗೆ ಹೊಸ ಪೆಟ್ಟಿಗೆ ಕೊಳ್ಳುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿಲ್ಲ.

ಇವತ್ತಿನದು 38ನೆಯದು. ಎ ಬದಿ ಮುಗಿದಿದೆ, ಬಿ ಬದಿ ಹಾಕಬೇಕು.